ಹತ್ತಲ್ಲ

ಬೆಟ್ಟಕ್ಕೆ ಹೋಗುವ ಮಾತು ಎದ್ದದ್ದು ಟೈಲರಮ್ಮನ ಅಂಗಡಿಯಲ್ಲೇ. ಅಲ್ಲಿಗೆ ಬರಲು ಬೀದಿಯ ಹೆಂಗಸರಿಗೆ ಒಂದು ಹರಿದ ಜೇಬಿನ ನೆಪ ಸಾಕು. ಬಂದ ಕೆಲಸ ಮರೆತು ಮನೆಗೆ ಹೋಗುವುದೂ ಉಂಟು. ಟೈಲರಮ್ಮನ ಸೊಸೆ ಕತ್ತರಿ ಹಿಡಿದು ನಿಂತಲ್ಲೇ ಎಲ್ಲ ಗೊತ್ತುಮಾಡಿದಳು: ಕತ್ತಲಿರುವಾಗಲೇ ಜೀಪಿನಲ್ಲಿ ಹೊರಡುವುದು, ಬಿಸಿಲೇರುವ ಮುಂಚೆ ಕಾಡು ದಾಟುವುದು, ಮಧ್ಯಾಹ್ನದ ಮಳೆ ಹಿಡಿಯುವಷ್ಟರಲ್ಲಿ ಕೆಳಗಿಳಿಯುವುದು. ಔಷಧಿ ಅಂಗಡಿಯವಳು ಬ್ಯಾಂಡೇಜು ತರುತ್ತೇನೆಂದಳು. ಮೂರು ಮೆಟ್ಟಿಲಿಗೇ ಏದುಸಿರು ಬಿಡುವ ಡ್ರಾಯಿಂಗ್ ಮೇಷ್ಟ್ರ ಹೆಂಡತಿ ತುದಿಯಲ್ಲಿ ನಿಂತು ಹಾಡುತ್ತೇನೆಂದಳು. ಯಾರೂ ಬೇಡವೆನ್ನಲಿಲ್ಲ. ಅಲ್ಲಿಯವರೆಗೆ ಉಸಿರು ಉಳಿದರೆ ತಾನೆ!

"ಅತ್ತೆ, ಕಾಡಲ್ಲಿ ಜಿಗಣೆ ಕಾಟ ಜಾಸ್ತಿಯಂತೆ. ಮೊಣಕಾಲು ಮುಚ್ಚೋ ಹಾಗೆ ಬಟ್ಟೇಲಿ ಕಾಲುಚೀಲ ಹೊಲ್ದುಬಿಡಿ, ಎಲ್ಲಾರಿಗೂ," ಎಂದಳು ಸೊಸೆ.

ಟೈಲರಮ್ಮ ಹೂಂ ಅಂದು, "ನೀವೂ ಬನ್ನಿ" ಎಂಬ ಮಾತಿಗೆ ಕಾದಳು. ಅದೊಂದು ಬರಲಿಲ್ಲ. ಬಾಯಿಬಿಟ್ಟು ಕೇಳುವ ಜಾಯಮಾನ ಅವಳದಲ್ಲ. ಮದುವೆಯಾಗಿ ಬಂದಾಗಿನಿಂದ ಅಂಗಡಿಯ ಕಿಟಕಿಯಲ್ಲಿ ಆ ಬೆಟ್ಟವನ್ನು ನೋಡುತ್ತಲೇ ಇದ್ದಾಳೆ; ಒಂದು ಸಲವಾದರೂ ಅದರ ನೆತ್ತಿಯ ಮೇಲೆ ನಿಲ್ಲಬೇಕೆಂದು ಜೀವ ತುಡಿಯುತ್ತದೆ. ಇಷ್ಟು ವರ್ಷ ಪೆಡಲ್ ತುಳಿದ ಕಾಲುಗಳು ಲೆಕ್ಕ ಹಾಕಿದರೆ ಎಷ್ಟೋ ದೇಶ ದಾಟಿರಬೇಕು, ಆದರೆ ಸ್ಟೂಲು ಬಿಟ್ಟು ಕದಲಿಲ್ಲ.

ಮರುದಿನ ಸೊಸೆ ಬಾಗಿಲಲ್ಲಿ ನಿಂತು ಜೀಪಿನವನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. ಮಿಷನ್ನಿನ ಗಡಗಡದಲ್ಲಿ ಏನೂ ಕೇಳುತ್ತಿರಲಿಲ್ಲ. ಟೈಲರಮ್ಮ ಬಟ್ಟೆ ತಿರುಗಿಸಲು ಕಾಲು ನಿಲ್ಲಿಸಿದಾಗ, "ನಮ್ಮತ್ತೆ" ಎಂಬುದು ಕಿವಿಗೆ ಬಿತ್ತು. ಒಂದೆರಡು ಹೊಲಿಗೆ ಹಾಕಿ ಮತ್ತೆ ನಿಲ್ಲಿಸಿದರೆ, "ಹತ್ತಲ್ಲ!" ಎಂದು ಸೊಸೆ ಗಟ್ಟಿಯಾಗಿ ಹೇಳುತ್ತಿದ್ದಳು.

ಅಷ್ಟು ಸಾಕಾಯಿತು. ಟೈಲರಮ್ಮ ಮಿಕ್ಕದ್ದು ಕೇಳದ ಹಾಗೆ ರೊಯ್ಯನೆ ಪೆಡಲ್ ತುಳಿದಳು. ನಾನು ಹತ್ತುವುದಿಲ್ಲವೇ? ಹಾಗಂತ ಇವಳಿಗೆ ಹೇಳಿದವರು ಯಾರು? ಸಿಟ್ಟಿಗಿಂತ ಹೆಚ್ಚಾಗಿ ದುಃಖವೇ ಉಕ್ಕಿ ಬಂತು, ಅದನ್ನೂ ಸಿಟ್ಟೆಂದೇ ತಿಳಿದುಕೊಂಡಳು.

ಅವತ್ತಿನಿಂದ ಮನೆಯಲ್ಲಿ ಎತ್ತರದ ಜಾಗ ಯಾವುದಿದೆಯೋ ಅಲ್ಲೆಲ್ಲ ಟೈಲರಮ್ಮನೇ. ಒದ್ದೆಬಟ್ಟೆಯ ಬಕೆಟ್ ಹಿಡಿದು ಮಾಳಿಗೆಗೆ ಹೋದಳು. ಒಣಗದ ಬಟ್ಟೆಯನ್ನೇ ಇಳಿಸಿ, ಮತ್ತೆ ಹೊತ್ತುಕೊಂಡು ಹೋದಳು. ಏಣಿ ಹಾಕಿ ಅಟ್ಟ ಹತ್ತಿ, ಯಾರಿಗೂ ಬೇಡದ ಹಳೆಯ ಪರದೆಯನ್ನು ಕೆಳಗೆ ತಂದಳು.

"ಬಕೆಟ್ ಇಲ್ಲಿ ಕೊಡಿ ಅತ್ತೆ."

"ಬೇಡಮ್ಮ. ಹತ್ತೋರು ಹೇಗೋ ಹತ್ತುತ್ತಾರೆ," ಎಂದಳು ಟೈಲರಮ್ಮ, ಒಂದೊಂದು ಅಕ್ಷರವನ್ನೂ ಒತ್ತಿ.

ಸೊಸೆಯ ಮುಖ ಅರಳಿತು. "ಅದೂ ಸರೀನೇ. ಅಭ್ಯಾಸ ಆಗುತ್ತೆ ಬಿಡಿ!"

ಗಾಯಕ್ಕೆ ಉಪ್ಪು ಸವರಿ ನಗುವುದು ಬೇರೆ! ಟೈಲರಮ್ಮ ಮುಖ ಊದಿಸಿಕೊಂಡು ಮಾಳಿಗೆ ಹತ್ತಿದಳು.

ಹೊರಡುವ ಹಿಂದಿನ ಸಂಜೆ ಸೊಸೆ ಕಾಲುಚೀಲಗಳನ್ನು ಮೇಜಿನ ಮೇಲೆ ಹರಡಿ ನೋಡಿದಳು. ಹೊಲಿಗೆಯಲ್ಲಿ ಸೂಜಿ ತೂರುವಷ್ಟೂ ಸಂದಿಲ್ಲ. ಆದರೂ ಅವಳು ಹುಬ್ಬು ಗಂಟಿಕ್ಕಿದಳು.

"ಒಂದು ಜೊತೆ ಕಮ್ಮಿ ಇದೆಯಲ್ಲ. ನಿಮ್ಮದೆಲ್ಲಿ ಅತ್ತೆ?"

"ನನಗ್ಯಾಕೆ? ನೀನೇ ಜೀಪಿನವನಿಗೆ ಹೇಳಿದ್ಯಲ್ಲ, ನಮ್ಮತ್ತೆ ಹತ್ತಲ್ಲ ಅಂತ."

ಸೊಸೆ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಬಿದ್ದು ಬಿದ್ದು ನಕ್ಕಳು; ನಿಲ್ಲಲಾರದೆ ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕೂತಳು. "ಅಯ್ಯೋ ಅತ್ತೆ! ಹತ್ತು ಜನಾನಾ ಅಂತ ಕೇಳ್ದ ಅವನು. ನಮ್ಮತ್ತೇನೂ ಸೇರಿಸ್ಕೊಂಡ್ರೆ ಹತ್ತಲ್ಲ, ಹನ್ನೊಂದು ಅಂದೆ!"

ಟೈಲರಮ್ಮನ ಊದಿದ ಮುಖ ಎಲ್ಲಿ ಇಳಿಯಬೇಕೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತಿತು. ಸುಲಭಕ್ಕೆ ಸೋಲುವ ಹೆಂಗಸಲ್ಲ ಅವಳು.

"ಬರ್ತೀರಾ ಅಂತ ಒಂದು ಮಾತು ಕೇಳಿದ್ಯಾ ನನ್ನ?"

ಸೊಸೆಯ ನಗು ನಿಂತಿತು. "ಇಲ್ಲ," ಎಂದಳು ಮೆಲ್ಲಗೆ. "ನೀವಿಲ್ದೆ ಹೋಗೋದು ಅಂತ ನಂಗೆ ಹೊಳೀಲೇ ಇಲ್ಲ ಅತ್ತೆ. ಇನ್ನೇನು ಕೇಳ್ಲಿ?"

ಟೈಲರಮ್ಮ ಮೇಜಿನ ಮೇಲಿನ ಕಾಲುಚೀಲಗಳನ್ನು ಮತ್ತೆ ಮತ್ತೆ ಮಡಿಸಿದಳು. ಸಂತೋಷಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಸೊಸೆ ಮಾತ್ರ ಆಗಲೇ ಟೇಪು ತೆಗೆದುಕೊಂಡು ಅವಳೆದುರು ಕುಕ್ಕರಗಾಲಲ್ಲಿ ಕೂತಿದ್ದಳು.

"ಕಾಲು ನೀಡಿ."

ಊರಿನವರ ಅಳತೆಯನ್ನೆಲ್ಲ ತೆಗೆದವಳ ಅಳತೆಯನ್ನು ಈವರೆಗೆ ಯಾರೂ ತೆಗೆದಿರಲಿಲ್ಲ. ಟೈಲರಮ್ಮ ನಾಚುತ್ತ ಸ್ಟೂಲಿನ ಮೇಲೆ ಕೂತು, ಒಂದು ಕಾಲು ಮುಂದೆ ಚಾಚಿದಳು. ಟೇಪು ಮೀನಖಂಡಕ್ಕೆ ಸುತ್ತಿಕೊಂಡಾಗ ಕಚಗುಳಿಯಿಟ್ಟಂತಾಗಿ ಕಿಸಕ್ಕನೆ ನಕ್ಕಳು.

"ಅಲ್ಲಾಡ್ಬೇಡಿ ಅತ್ತೆ, ಅಳತೆ ತಪ್ಪುತ್ತೆ!" ಎಂದು ಗದರಿದಳು ಸೊಸೆ. ಥೇಟ್ ಟೈಲರಮ್ಮನದೇ ದನಿ.

"ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೇ ಇಡು," ಎಂದಳು ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ. "ಜಿಗಣೆಗಳಿಗೆ ಮೊದಲ ದಿನವೇ ನನ್ನ ಹತ್ರ ಸಲುಗೆ ಬೇಡ."