ಕಣ್ಣೊಂದು ಬಿಟ್ಟು

"ಎಣ್ಣೆ ಬಿಟ್ಟೋರು ಯಾರಮ್ಮ?"

ಕವನಳ ಎಡಗಿವಿಯೊಳಕ್ಕೆ ಬೆಳಕು ಬಿಟ್ಟುಕೊಂಡು ನೋಡುತ್ತಿದ್ದ ಡಾಕ್ಟರು ತಲೆ ಎತ್ತದೆ ಕೇಳಿದರು. ಮಂಚಮ್ಮ ಗಂಡನ ಮುಖ ನೋಡಿದಳು. ಪುಟ್ಟಬಸವಯ್ಯ ಗೋಡೆಗೆ ಅಂಟಿಸಿದ್ದ ಕಿವಿಯ ದೊಡ್ಡ ಚಿತ್ರವನ್ನು ನೋಡುತ್ತ ನಿಂತಿದ್ದ.

"ನಾನೇ ಸಾ. ನೋವು ನೋವು ಅಂತ ಒದ್ದಾಡ್ತಿದ್ಲು. ಬೆಳ್ಳುಳ್ಳಿ ಆಕಿ ಕಾಯಿಸಿ, ಆರಿಸ್ಬುಟ್ಟು, ಎಲ್ಡೇ ತೊಟ್ಟು ಬುಟ್ಟೆ."

"ತಮಟೆ ಹರಿದಿರೋ ಕಿವಿಗೆ ಎಣ್ಣೆ ಬಿಡ್ತಾರೇನಮ್ಮ? ಕೀವಾಗಿದೆ ಒಳಗೆ. ಯಾರು ಹೊಡೆದದ್ದು?"

"ಯಾರೂ ಒಡೆದಿಲ್ಲ ಸಾ," ಎಂದ ಪುಟ್ಟಬಸವಯ್ಯ. "ಸ್ಕೂಲಲ್ಲಿ ಆಟ ಆಡ್ತಾ ಬಿದ್ದವ್ಳೆ. ಎಡ್ ಮೇಡಮ್ಮೇ ಫೋನ್ ಮಾಡಿ ಏಳುದ್ರು."

ಡಾಕ್ಟರು ಟಾರ್ಚು ಆರಿಸಿ ಅವನ ಕಡೆ ತಿರುಗಿದರು. "ಬಿದ್ದರೆ ಕೈ ಮುರೀತದೆ, ಮಂಡಿ ತರಚ್ತದೆ. ಇದು ಅಂಗೈ ಅಗಲಿಸಿ ಬಾರಿಸಿದ ಏಟು. ಕೆನ್ನೆ ನೋಡು, ಬೆರಳಿನ ಗುರುತು ಇನ್ನೂ ಮಾಸಿಲ್ಲ."

ಕವನ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದಳು.

ಮೂರು ತಿಂಗಳು ಕಿವಿಗೆ ನೀರು ಬೀಳಬಾರದು, ಮಾತ್ರೆ ತಪ್ಪಿಸಬಾರದು, ಕೂಡಿಕೊಳ್ಳದಿದ್ದರೆ ಮೈಸೂರಿನಲ್ಲಿ ಆಪರೇಶನ್ ಎಂದು ಡಾಕ್ಟರು ಚೀಟಿ ಬರೆದರು. ಮೊದಲ ದಿನವೇ ಬಂದಿದ್ದರೆ ಬಹುಶಃ ತಾನಾಗೇ ಕೂಡಿಕೊಳ್ಳುತ್ತಿತ್ತು ಎಂದರು. ಕಿವಿ ಪೂರ್ತಿ ಕೇಳಿಸುತ್ತದೋ ಇಲ್ಲವೋ ಎಂದು ಪುಟ್ಟಬಸವಯ್ಯ ಕೇಳಿದ್ದಕ್ಕೆ, "ಈಗ್ಲೇ ಹೇಳಕ್ಕಾಗಲ್ಲ" ಎಂದು ಮುಂದಿನವರನ್ನು ಕರೆದರು.

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಹುಲ್ಲಹಳ್ಳಿ ಬಸ್ಸು ಹತ್ತಿದರು. ಕವನ ನಡುವೆ ಕೂತಳು. ಕಪಿಲಾ ಸೇತುವೆ ದಾಟುವಾಗ ಅವಳ ಎಡಕ್ಕೆ ಕೂತಿದ್ದ ಪುಟ್ಟಬಸವಯ್ಯ ಒಂದು ಮಾತು ಕೇಳಿದ. ಅವಳು ತಿರುಗಲಿಲ್ಲ. ತೋಳು ಹಿಡಿದು ಇನ್ನೊಮ್ಮೆ ಕೇಳಿದ.

"ಯಾರವ್ವಾ ಒಡೆದದ್ದು?"

"ಗಂಗಾಧರಸ್ವಾಮಿ ಮೇಷ್ಟ್ರು. ಪಕ್ಕದವಳ ಜತೇಲಿ ನಗಾಡ್ತಿದ್ದೆ."

"ಮತ್ತೆ ಬಿದ್ದೆ ಅಂದ್ಯಲ್ಲ?"

"ಮೇಡಂ ಅಂಗೇ ಏಳು ಅಂದ್ರು."

"ಮೇಡಂ ಏಳುದ್ರೆ? ನಮ್ಮತ್ರ ಯಾಕ್ ನಿಜ ಏಳ್ನಿಲ್ಲ?"

ಕವನ ತನ್ನ ಬಲಗೆನ್ನೆ ಮುಟ್ಟಿ ತೋರಿಸಿದಳು. "ಏಳಿದ್ರೆ ನೀನು ಈ ಕಡೀಕೆ ಕೊಡ್ತಿದ್ದೆ."

ಕಿಟಕಿಯ ಕಡೆಯಿಂದ ಮಂಚಮ್ಮ ಹೇಳಿದಳು: "ಸರ್ಯಾಗೇ ಅಂದವ್ಳೆ. ಕೊಡು, ಇನ್ನೊಂದ್ ಕಿವಿ ಬಾಕಿ ಅದಲ್ಲ."

ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಮೇಷ್ಟ್ರು ಹೊಡೆದರು ಎಂದು ಮಗಳು ಮನೆಗೆ ಅಳುತ್ತ ಬಂದಾಗಲೆಲ್ಲ, "ನೀನೇನ್ ಕಿಸಿದಿದ್ದೆ?" ಎಂದು ಅವನೂ ಒಂದು ಕೊಡುತ್ತಿದ್ದ. ಅವನೂ ಗಂಗಾಧರಸ್ವಾಮಿ ಮೇಷ್ಟ್ರ ಶಿಷ್ಯನೇ. ಅವರು ಆಗ ಹೊಸದಾಗಿ ಕೆಲಸಕ್ಕೆ ಸೇರಿದವರು. ಆಮೇಲೆ ಎಲ್ಲೆಲ್ಲೋ ವರ್ಗವಾಗಿ ಸುತ್ತಿ, ಕೊನೆಗೆ ಇದೇ ಶಾಲೆಗೆ ಬಂದಿದ್ದರು. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಸಿಕ್ಕಿದ್ದು ಅವರ ಏಟು ತಿಂದು ನಾಲ್ಕಕ್ಷರ ಕಲಿತದ್ದಕ್ಕೇ ಎಂದು ಪುಟ್ಟಬಸವಯ್ಯ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಹೇಳುತ್ತಿದ್ದ. ಹೇಳುವಾಗ ಗೆಣ್ಣಿನ ಮೇಲಿನ ಹಳೆಯ ಗಾಯದ ಕಲೆ ತೋರಿಸುತ್ತಿದ್ದ.

ಕವನಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಅವರಿಗೇ, "ಕಣ್ಣೊಂದ್ ಬುಟ್ಟು ಎಲ್ಗಾದ್ರೂ ಒಡೀರಿ ಸಾ, ವಿದ್ಯೆ ಬಂದ್ರೆ ಸಾಕು" ಎಂದಿದ್ದ. ಆ ಊರಿನಲ್ಲಿ ಎಲ್ಲ ಅಪ್ಪಂದಿರೂ ಹೇಳುವ ಮಾತು ಅದು. ಮಕ್ಕಳನ್ನು ಹೊಡೆಯಬಾರದು ಎಂದು ಸರ್ಕಾರ ಕಾನೂನು ಮಾಡಿ ಎಷ್ಟೋ ವರ್ಷವಾಯಿತು. ಶಾಲೆಯ ಆಫೀಸಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಅದನ್ನು ಬರೆಸಿಯೂ ಇದ್ದಾರೆ. ಬರೆದದ್ದರ ಕೆಳಗೇ ನಿಂತು ಅಪ್ಪಂದಿರು ಈ ಮಾತು ಹೇಳುತ್ತಾರೆ. ಮೇಷ್ಟ್ರುಗಳು ನಗುತ್ತಾರೆ. ದಾಖಲಾತಿ ಮುಗಿಯುತ್ತದೆ.

ಮಾರನೆಯ ಬೆಳಿಗ್ಗೆ ಹೆಡ್ ಮೇಡಂ ನಾಗರತ್ನ ಫೋನ್ ಮಾಡಿ, ಒಂದು ಸಹಿ ಬೇಕಿತ್ತು, ಬಂದು ಹೋಗಿ ಎಂದರು. ಮಂಚಮ್ಮ ಕಬ್ಬಿನ ಗದ್ದೆಗೆ ಹೊರಟು ನಿಂತಿದ್ದಳು.

"ನೀನೂ ಬಾ," ಎಂದ ಪುಟ್ಟಬಸವಯ್ಯ.

"ನಾನ್ ಬಂದ್ರೆ ಆ ರಿಟೇರ್ ಆಗೋ ಮೇಷ್ಟ್ರು ಪೆನ್ಶನ್ನು ತಕ್ಕಳಲ್ಲ, ತಿಥಿ ಊಟ ತಕ್ಕತಾನೆ. ನೀನೇ ಓಗು. ನಿನ್ ಗುರುಗಳಲ್ವಾ?" ಬಾಗಿಲು ದಾಟಿದವಳು ತಿರುಗಿ, "ಕೈ ಮುಗುದು ರುಜು ಆಕ್ಬುಟ್ಟು ಬಂದೀಯ, ಉಸಾರು" ಎಂದಳು.

ಅವನು ಕವನಳನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ ಹೊರಗೆ ನಿಲ್ಲಿಸಿ ಆಫೀಸಿನೊಳಕ್ಕೆ ಹೋದ. ನಾಗರತ್ನ ಉದ್ದನೆಯ ಪುಸ್ತಕವೊಂದನ್ನು ಅವನ ಕಡೆ ತಿರುಗಿಸಿಟ್ಟರು. ಆರನೇ ತರಗತಿಯ ಕವನ ಪಿ. ಆಟವಾಡುವಾಗ ಬಿದ್ದು ಎಡಗಿವಿಗೆ ಪೆಟ್ಟಾಗಿರುತ್ತದೆ. ಪೋಷಕರಿಗೆ ದೂರವಾಣಿ ಮೂಲಕ ತಿಳಿಸಲಾಗಿದೆ. ಕೆಳಗೆ ಪೋಷಕರ ಸಹಿ ಎಂದು ಬರೆದು ಜಾಗ ಬಿಟ್ಟಿತ್ತು.

"ಇದು ಸುಳ್ಳು ಮೇಡಂ. ಡಾಕ್ಟ್ರು ಏಳುದ್ರು."

"ಗೊತ್ತು ಪುಟ್ಟಬಸವಯ್ಯ." ನಾಗರತ್ನ ದನಿ ತಗ್ಗಿಸಿದರು. "ಅವತ್ತು ಗಾಬರೀಲಿ ಹಂಗಂದುಬಿಟ್ಟೆ. ಮೇಷ್ಟ್ರಿಗೆ ಇನ್ನು ಏಳು ತಿಂಗಳು ಸರ್ವೀಸು. ಇದು ಬಿಇಓ ಆಫೀಸಿಗೆ ಹೋದ್ರೆ ಸಸ್ಪೆಂಡ್ ಆಗ್ತಾರೆ, ಪೆನ್ಶನ್ನಿಗೂ ಕುತ್ತು. ಔಷಧಿಗೆ ಏನು ಬೇಕೋ ನಾವೆಲ್ಲ ಸೇರಿ ನೋಡ್ಕೋತೀವಿ."

"ನೀವು ಬಿದ್ಲು ಅಂದ್ರಿ ಅಂತ ನಮ್ಮೆಂಗಸ್ರು ಎಣ್ಣೆ ಬುಟ್ರು ಮೇಡಂ. ಒಡೆದವ್ರೆ ಅಂದಿದ್ರೆ ಅವತ್ತೇ ಡಾಕ್ಟ್ರತ್ರ ಓಯ್ತಿದ್ದೊ."

ನಾಗರತ್ನ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

ಬೀರುವಿನ ಪಕ್ಕದ ಕುರ್ಚಿಯಲ್ಲಿ ಗಂಗಾಧರಸ್ವಾಮಿ ಕೂತಿದ್ದರು. ಪುಟ್ಟಬಸವಯ್ಯ ಒಳಗೆ ಬಂದಾಗಿನಿಂದ ಅವರ ಕಡೆ ನೋಡಿರಲಿಲ್ಲ. ಈಗ ಅವರೇ ಮಾತಾಡಿದರು. "ಕೈ ಜಾರ್ತು ಕಣೋ ಪುಟ್ಟಬಸವ. ಬೆನ್ನಿಗೆ ಅಂತ ಎತ್ತಿದ್ದು. ಅವಳು ತಿರುಗಿಬಿಟ್ಲು."

ಅವನು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ನೀನೇ ಅಲ್ವೇನೋ ಹೇಳಿದ್ದು, ಇಲ್ಲೇ ನಿಂತ್ಕೊಂಡು? ಕಣ್ಣೊಂದು ಬಿಟ್ಟು ಅಂತ." ಮೇಷ್ಟ್ರ ದನಿಯಲ್ಲಿ ಕುಚೋದ್ಯವಿರಲಿಲ್ಲ. ಬೇಡುವ ಹಾಗಿತ್ತು. "ಕಣ್ಣು ಬಿಟ್ಟಿದೀನಲ್ಲಪ್ಪ."

ಪುಟ್ಟಬಸವಯ್ಯನಿಗೆ ಹೇಳಿಲ್ಲ ಎನ್ನಲು ಆಗುತ್ತಿರಲಿಲ್ಲ. ಅವನು ಬಗ್ಗಿ ಪೆನ್ನು ತೆಗೆದುಕೊಂಡ. ಸಹಿಯ ಜಾಗದ ಮೇಲೆ ಪೆನ್ನಿನ ಮೊನೆ ಇಟ್ಟ.

"ನಮಸ್ಕಾರ ಸಾ," ಎನ್ನುತ್ತ ಬಾಗಿಲಲ್ಲಿ ಸಣ್ಣತಾಯಮ್ಮ ನಿಂತಿದ್ದಳು. ಕೆಳಗಿನ ಬೀದಿಯ ಮುದುಕಿ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಮೊಮ್ಮಗಳ ಕೈ. "ಇವ್ಳು ಮೇಘನಾ ಅಂತ, ನನ್ ಮಗಳ ಮಗಳು. ಎಮ್ಮಿಗೆ ಊರ ಸ್ಕೂಲಿಂದ ಟಿಸಿ ತಂದಿವ್ನಿ. ಇನ್ಮೇಲೆ ನನ್ನತ್ರನೇ ಇರ್ತಾಳೆ. ಬಲೇ ತರ್ಲೆ ಸಾ ಇದು. ಕಣ್ಣೊಂದ್ ಬುಟ್ಟು ಎಲ್ಗಾರಾ ಬುಡಿ, ನಾನ್ ಕೇಳಾಕಿಲ್ಲ."

"ಆಯ್ತಜ್ಜಿ, ಆಯ್ತು," ಎಂದು ಗಂಗಾಧರಸ್ವಾಮಿ ನಕ್ಕರು. ಮೂವತ್ತೈದು ವರ್ಷದ ಅಭ್ಯಾಸ ನಕ್ಕಿತು. ನಗು ಅರ್ಧಕ್ಕೇ ನಿಂತಿತು. ಮೇಘನಾ ಅವರ ಮುಖ ನೋಡಲಿಲ್ಲ, ತೊಡೆಯ ಮೇಲಿದ್ದ ಅವರ ಕೈಗಳನ್ನು ನೋಡಿದಳು. ಸರಿಯಾಗಿ ಅಳೆದು ನೋಡಿದಳು.

ಪುಟ್ಟಬಸವಯ್ಯ ಸ್ಟೂಲು ಎಳೆದು ಕೂತ. ಮೇಡಂ ಬರೆದದ್ದರ ಕೆಳಗೆ, ಮೇಷ್ಟ್ರೇ ತಿದ್ದಿಸಿದ್ದ ದುಂಡನೆಯ ಅಕ್ಷರದಲ್ಲಿ ಬರೆಯತೊಡಗಿದ. 'ನನ್ನ ಮಗಳು ಬಿದ್ದಿಲ್ಲ. ಗಂಗಾಧರಸ್ವಾಮಿ ಮೇಷ್ಟ್ರು ಕೆನ್ನೆಗೆ ಹೊಡೆದದ್ದರಿಂದ ಕಿವಿಯ ತಮಟೆ ಹರಿದಿದೆ.' ಆಮೇಲೆ ಇನ್ನೊಂದು ಸಾಲು ಬರೆದ. 'ಹೊಡೆಯಿರಿ ಎಂದು ಹೇಳಿದ್ದವನು ನಾನು.' ಸಹಿ ಹಾಕಿದ. ಮೊಬೈಲು ತೆಗೆದು ಆ ಪುಟದ ಫೋಟೊ ಹಿಡಿದುಕೊಂಡ.

ನಾಗರತ್ನ ಪುಸ್ತಕ ಎಳೆದುಕೊಂಡು ಓದಿದರು. "ಕೊನೇ ಸಾಲು ಯಾಕೆ ಬರೆದ್ರಿ? ನಿಮ್ಮ ಮೇಲೇ ಬರ್ತದೆ."

"ಬರ್ಲಿ ಮೇಡಂ."

ಪುಸ್ತಕ ಗಂಗಾಧರಸ್ವಾಮಿಯ ಕೈಗೆ ಹೋಯಿತು. ಅವರು ಓದಿ ಮುಗಿಸಿ ಕನ್ನಡಕ ತೆಗೆದರು.

ಪುಟ್ಟಬಸವಯ್ಯ ಎದ್ದ. ಬಾಗಿಲ ಹತ್ತಿರ ಸಣ್ಣತಾಯಮ್ಮನ ಪಕ್ಕ ನಿಂತ. "ಅಜ್ಜಿ, ಈಗ್ ಒಂದ್ ಮಾತಂದ್ಯಲ್ಲ, ಅದ್ನ ವಾಪಸ್ ತಕ್ಕೊ."

"ಯಾವ ಮಾತ್ಲಾ?" ಎಂದಳು ಮುದುಕಿ. ಅವಳು ಬಂದು ಐದಾರು ಮಾತು ಆಡಿದ್ದಳು.

ಅವನು ಉತ್ತರ ಹೇಳದೆ ಹೊರಕ್ಕೆ ಬಂದ. ಹೊಂಗೆ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ಗಂಟೆಯಾಗಿ ನೇತುಹಾಕಿತ್ತು. ಕವನ ಅದರ ಕೆಳಗೇ ನಿಂತಿದ್ದಳು, ಎಡಗಿವಿಯಲ್ಲಿ ಹತ್ತಿ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಸುತ್ತಿಗೆ ಹಿಡಿದುಕೊಂಡು ಓಡಿ ಬಂದಳು.

"ದೂರ ನಿಂತ್ಕಳೆ, ಒಡೀತೀನಿ," ಎಂದಳು ಆ ಹುಡುಗಿ.

ಕವನ ಅಲ್ಲೇ ನಿಂತು ಬಲಗಿವಿಯೊಂದನ್ನೇ ಅಂಗೈಯಿಂದ ಮುಚ್ಚಿಕೊಂಡಳು.