ಹತ್ತು–ಸೊನ್ನೆ ಆದ ಮೇಲೆ

ಚೀನಾದ ಬಾವೊದಿಂಗ್‌ನ ಹಳೇ ನೂಲಿನ ಗಿರಣಿ ಕ್ವಾರ್ಟರ್ಸ್‌ಗೆಲ್ಲ ಇರುವುದು ಒಂದೇ ಪಿಂಗ್‌ಪಾಂಗ್ ಮೇಜು. ಸಿಮೆಂಟಿನದು, ನೆಟ್ಟಿನ ಜಾಗದಲ್ಲಿ ಸಾಲಾಗಿ ಇಟ್ಟಿಗೆ. ಬೆಳಿಗ್ಗೆ ಆರಕ್ಕೆಲ್ಲ ಹತ್ತು ಹನ್ನೆರಡು ಜನ ಸರತಿ ನಿಂತಿರುತ್ತಾರೆ. ಗೆದ್ದವರು ಮೇಜಿನಲ್ಲೇ ಉಳಿಯುತ್ತಾರೆ, ಸೋತವರು ಸಾಲಿನ ಕೊನೆಗೆ ಹೋಗುತ್ತಾರೆ. ಹೀಗಾಗಿ ಕುವಾಂಗ್ ಮೇಸ್ತ್ರಿ ಮೇಜು ಬಿಟ್ಟದ್ದನ್ನು ಕಂಡವರು ಕಡಿಮೆ. ಲೇತ್ ಮುಂದೆ ಮೂವತ್ತೈದು ವರ್ಷ ನಿಂತ ಕಾಲು ಅದು, ಎಪ್ಪತ್ತು ದಾಟಿದರೂ ಸುಸ್ತು ಅನ್ನುವುದನ್ನು ಅರಿಯದು.

ಗಿರಣಿಯ ಕ್ಯಾಂಟೀನಿನಲ್ಲಿ ಕಡುಬು ಮಡಿಸಿ ಮಡಿಸಿ ನಿವೃತ್ತಳಾದ ಸುಪಿಂಗ್, ಮಾರ್ಚಿನ ಒಂದು ಬೆಳಿಗ್ಗೆ ಈ ಸಾಲಿಗೆ ಬಂದು ನಿಂತಳು. ಅವಳ ವಯಸ್ಸಿನ ಹೆಂಗಸರೆಲ್ಲ ಅಲ್ಲೇ ಪಕ್ಕದಲ್ಲಿ ಹಾಡು ಹಾಕಿಕೊಂಡು ಕುಣಿಯುತ್ತಿದ್ದರು.

"ಅಕ್ಕಾ, ಕುಣಿಯೋರ ಸಾಲು ಆ ಕಡೆ," ಅಂದ ಸೈಕಲ್ ರಿಪೇರಿಯ ಫಾಂಗ್.

"ನಂಗೆ ಕಣ್ಣಿದೆ. ನೀನು ಮುಂದೆ ನೋಡ್ಕೊಂಡು ನಿಂತ್ಕೋ," ಅಂದಳು ಸುಪಿಂಗ್.

ಮೂವತ್ತು ವರ್ಷ ಕ್ಯಾಂಟೀನಿನ ಕಿಟಕಿಯಿಂದ ಈ ಮೇಜನ್ನು ನೋಡಿದವಳು ಅವಳು. ಇಲ್ಲಿನವರು ತನ್ನನ್ನೂ ಆಟಗಾರ್ತಿ ಅಂತ ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೇ ಅವಳ ಹಟ. ಹೇಳಿಕೊಳ್ಳಲು ನಾಚಿಕೆಯಾಗಿ ಗಂಡನ ಹತ್ತಿರ ಮಾತ್ರ ಮೊಣಕೈ ನೋವಿಗೆ ವ್ಯಾಯಾಮ ಅಂದಿದ್ದಳು.

ಮೊದಲ ಸರ್ವಿಸ್‌ಗೇ ಕುವಾಂಗ್ ಮೇಸ್ತ್ರಿ ಕೈ ಎತ್ತಿ ತಡೆದರು. "ಚೆಂಡು ಬಿಚ್ಚಿದ ಅಂಗೈ ಮೇಲಿರಬೇಕು ತಂಗಿ. ಹಾಗೆ ಬೆರಳು ಮುಚ್ಚಬೇಡ, ಅದೇನು ಕಡುಬಾ?"

ಎಲ್ಲರೂ ನಕ್ಕರು. ನಿಜಕ್ಕೂ ಅವಳ ಬೆರಳುಗಳು ತಾವಾಗಿಯೇ ಅಂಚು ಕೂಡಿಸಿ ಮಡಿಸುತ್ತಿದ್ದವು. ಚೆಂಡು ಗೇಣುದ್ದ ಮೇಲೆ ಹಾರಬೇಕು, ಎದುರಾಳಿಗೆ ಕಾಣುತ್ತಿರಬೇಕು, ಮೊದಲು ತನ್ನ ಕಡೆ ಪುಟಿದು ಆಮೇಲೆ ಆ ಕಡೆ ಪುಟಿಯಬೇಕು. ಇಟ್ಟಿಗೆ ಸವರಿಕೊಂಡು ಆಚೆ ಬಿದ್ದರೆ ಮತ್ತೊಮ್ಮೆ ಹಾಕಬೇಕು. ಎರಡೆರಡು ಸರ್ವಿಸ್ ಆದ ಮೇಲೆ ಸರದಿ ಬದಲು, ಹನ್ನೊಂದಕ್ಕೆ ಆಟ ಮುಗಿಯುತ್ತದೆ. ಬ್ಯಾಟನ್ನು ಪೆನ್ನು ಹಿಡಿದ ಹಾಗೆ ಹಿಡಿಯುವುದೊಂದನ್ನು ಕಲಿಯಲಿಕ್ಕೇ ಒಂದು ವಾರ ಹಿಡಿಯಿತು. ಮನೆಯಲ್ಲಿ ಹಿಟ್ಟಿನ ಮಣೆಯನ್ನು ಗೋಡೆಗೆ ಒರಗಿಸಿಕೊಂಡು ಅದಕ್ಕೆ ಚೆಂಡು ಟಪಟಪ ಬಡಿಯುತ್ತಿದ್ದಳು. ಕೆಳಗಿನ ಮನೆಯವರು ಎರಡು ಸಲ ಬಂದು ಜಗಳ ಆಡಿ ಹೋದರು.

ಏಪ್ರಿಲ್‌ನಲ್ಲಿ ಮೊದಲ ಸಲ ಮೇಸ್ತ್ರಿಯ ಎದುರು ಪೂರಾ ಆಟ ಸಿಕ್ಕಿತು. ಕಣ್ಣು ಮಿಟುಕಿಸುವುದರೊಳಗೆ ಹತ್ತು–ಸೊನ್ನೆ. ಆಮೇಲಿನ ಮೇಸ್ತ್ರಿಯ ಸರ್ವಿಸ್ ಇಟ್ಟಿಗೆಗೆ ಬಡಿದು ಅಲ್ಲೇ ಬಿತ್ತು. ಹತ್ತು–ಒಂದು! ಸುಪಿಂಗ್ ಎಗರಿ ಕುಣಿದಳು. ಮುಂದಿನ ಪಾಯಿಂಟ್ ಕಳೆದುಕೊಂಡದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಮೂಲೆಯಂಗಡಿಗೆ ಓಡಿ ಹುರಿದ ಸೂರ್ಯಕಾಂತಿ ಬೀಜ ತಂದು ಇಡೀ ಸಾಲಿಗೆ ಹಂಚಿದಳು. ಎಲ್ಲರೂ ತಲೆ ತಗ್ಗಿಸಿಕೊಂಡು ತಿಂದರು. ಸದಾ ಬಾಯಿ ಬಡಿಯುವ ಫಾಂಗ್ ಕೂಡ ಕೈಯಲ್ಲಿದ್ದ ಸಿಪ್ಪೆಯನ್ನೇ ನೋಡುತ್ತಿದ್ದ.

ಮನೆಗೆ ಬಂದವಳು ಗಂಡ ಯಾನ್‌ಜುನ್‌ಗೆ ಎಲ್ಲವನ್ನೂ ಹೇಳಿದಳು, ಮೊಣಕೈ ನೋವಿನ ಸುಳ್ಳನ್ನೂ ಸೇರಿಸಿ.

"ಹತ್ತು–ಸೊನ್ನೆ ಆಗಿತ್ತಾ?" ಅಂದ ಅವನು, ಕದಡುತ್ತಿದ್ದ ನವಣೆ ಗಂಜಿಯಿಂದ ಕಣ್ಣೆತ್ತದೆ.

"ಹೂಂ. ಆಮೇಲೆ ನಾನೊಂದು ತಗೊಂಡೆ."

"ತಗೊಳ್ಳಲಿಲ್ಲ ಕಣೇ, ಕೊಟ್ಟರು. ಸೊನ್ನೆಗೆ ಸೋಲಿಸಿದರೆ ಎದುರಿನವರ ಮುಖ ಮುರಿದ ಹಾಗೆ ಅಂತ ಹತ್ತು ಆದ ಮೇಲೆ ಒಂದು ಬಿಟ್ಟುಕೊಡ್ತಾರೆ. ಊರಿಗೆಲ್ಲ ಗೊತ್ತಿರೋ ಮರ್ಯಾದೆ."

ಸುಪಿಂಗ್‌ಗೆ ಗಂಜಿ ಇಳಿಯಲಿಲ್ಲ. ಭಿಕ್ಷೆಗೆ ಕುಣಿದೆನಲ್ಲ, ಬೀಜ ಬೇರೆ ಹಂಚಿದೆನಲ್ಲ ಅಂತ ಮೈಯೆಲ್ಲ ಉರಿಯಿತು.

ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ಒಂದು ಪಾಯಿಂಟ್, ಹತ್ತು ಆಗುವುದರೊಳಗೆ, ತಾನೇ ಗಳಿಸಿದ್ದು ಬೇಕು. ಮೇ ಕಳೆಯಿತು, ಜೂನ್ ಕಳೆಯಿತು. ಮೇಸ್ತ್ರಿಯ ಎದುರು ಆಡಿದಾಗಲೆಲ್ಲ ಹತ್ತು–ಸೊನ್ನೆ, ಆಮೇಲೆ ಇಟ್ಟಿಗೆಗೆ ಬಡಿಯುವ ಆ ಹಾಳು ಸರ್ವಿಸ್.

ಜುಲೈನ ಆ ಬೆಳಿಗ್ಗೆ ಒಂಬತ್ತು–ಸೊನ್ನೆ ಆಗಿತ್ತು. ಸರ್ವಿಸ್ ಸುಪಿಂಗ್‌ದು. ಮೇಸ್ತ್ರಿ ಚೆಂಡನ್ನು ಅವಳ ಎಡಕ್ಕೆ ಅಡ್ಡಡ್ಡ ಕಳಿಸಿದರು. ಅವಳು ಮೇಜಿನಾಚೆ ಓಡಿ, ಹೊರಗಿನಿಂದಲೇ ಬಳಸಿ ಹೊಡೆದಳು. ಟಕ್ ಅಂತ ಸದ್ದಾಯಿತು. ಚೆಂಡು ಮೇಜಿನ ಪಕ್ಕದಲ್ಲೇ ಕೆಳಗೆ ಬಿತ್ತು.

"ಅಂಚು! ಒಂಬತ್ತು–ಒಂದು!" ಅಂತ ಫಾಂಗ್ ಕೂಗಿದ. ಮೇಸ್ತ್ರಿ ತಲೆಯಾಡಿಸಿದರು. "ಅಂಚೇ. ನಿಂದೇ ತಂಗಿ."

ಮೇಲಿನ ಅಂಚಿಗೆ ತಾಗಿದರೆ ಪಾಯಿಂಟ್, ಅದರ ಕೆಳಗಿನ ಪಕ್ಕಕ್ಕೆ ಬಡಿದರೆ ಇಲ್ಲ. ಸುಪಿಂಗ್ ನಿಂತಿದ್ದ ಜಾಗದಿಂದ ಮೇಜಿನ ಆ ಪಕ್ಕ ಚೆನ್ನಾಗಿ ಕಾಣುತ್ತಿತ್ತು. ಉಳಿದವರಿಗೆ ಕೇಳಿಸಿದ್ದು ಸದ್ದು ಮಾತ್ರ. ಮೂರು ತಿಂಗಳಿನಿಂದ ಕಾದ ಪಾಯಿಂಟು, ಸುಮ್ಮನಿದ್ದರೆ ಸಾಕಿತ್ತು.

"ಪಕ್ಕಕ್ಕೆ ಬಡೀತು ಮೇಸ್ತ್ರಿ. ನಾನು ಕಂಡೆ. ಪಾಯಿಂಟ್ ನಿಮ್ಮದು."

"ಅಯ್ಯೋ, ಬಿಡಕ್ಕಾ ಸಾಕು!" ಅಂದ ಫಾಂಗ್.

"ನೀನು ಸುಮ್ಮನಿರು. ಹತ್ತು–ಸೊನ್ನೆ," ಅಂದಳು ಸುಪಿಂಗ್.

ಸರ್ವಿಸ್ ಮೇಸ್ತ್ರಿಗೆ ಬಂತು. ಸಾಲಿನಲ್ಲಿದ್ದವರು ಇನ್ನೇನು ಆ ಮರ್ಯಾದೆಯ ಚೆಂಡು ಅಂತ ನಿರಾಳವಾದರು. ಮೇಸ್ತ್ರಿ ಮಾತ್ರ ಚೆಂಡನ್ನು ಅಂಗೈ ಮೇಲಿಟ್ಟುಕೊಂಡು ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಗಿಯ ತೋಳು ಮಡಿಸಿದರು, ಮೊಣಕಾಲು ಬಗ್ಗಿಸಿದರು, ಚೆಂಡನ್ನು ತಲೆಯೆತ್ತರಕ್ಕೆ ಎಸೆದು ಸರಕ್ಕನೆ ಕೊಯ್ದರು. ಅಂಥ ಸರ್ವಿಸನ್ನು ಸುಪಿಂಗ್ ಈ ಮೇಜಿನಲ್ಲಿ ಕಂಡೇ ಇರಲಿಲ್ಲ. ಅವಳ ಬ್ಯಾಟು ಬಲಕ್ಕೆ ಹೋಯಿತು, ಚೆಂಡು ಎಡಕ್ಕೆ ತಿರುಗಿ ಹೋಯಿತು.

ಹನ್ನೊಂದು–ಸೊನ್ನೆ.

"ನಾಳೆ ಐದೂವರೆಗೆ ಬಾ. ಇದನ್ನ ಎತ್ತೋದು ಹೇಗೆ ಅಂತ ತೋರಿಸ್ತೀನಿ," ಅಂದರು ಮೇಸ್ತ್ರಿ.

ಅವಳು ಸಾಲಿನ ಕೊನೆಗೆ ಹೋದಾಗ ಫಾಂಗ್ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ.

ಮನೆಯಲ್ಲಿ ಯಾನ್‌ಜುನ್ ಮೊಟ್ಟೆ ಸುಲಿಯುತ್ತಿದ್ದ. "ಇವತ್ತೆಷ್ಟು?"

"ಹನ್ನೊಂದು–ಸೊನ್ನೆ!" ಅಂತ ಕೆಳಗಿನ ಮನೆಗೂ ಕೇಳಿಸುವ ಹಾಗೆ ಕೂಗಿದಳು ಸುಪಿಂಗ್.

ಅವನ ಕೈ ನಿಂತಿತು. "ಮೇಸ್ತ್ರಿ ಕೊಡಲಿಲ್ಲವಾ?"

"ಕೊಡಲಿಲ್ಲ. ನಾಳೆ ಐದೂವರೆಗೆ ಬಾ ಅಂದರು."

ಯಾನ್‌ಜುನ್ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಸುಲಿದ ಮೊಟ್ಟೆಯನ್ನು ಅವಳ ಬಟ್ಟಲಿಗೆ ಹಾಕಿ, ಗಡಿಯಾರಕ್ಕೆ ಐದು ಗಂಟೆಯ ಅಲಾರಾಂ ಇಡಲು ಎದ್ದ.