ಎರಡನೇ ಮಷೀನಿನ ಬೋರ್ಡು

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆಗಳ ಧೂಳು ಕೆರೆದು ಮುಗಿಸಿ, ರಾಜೇಶ್ವರಿ ಬ್ರಷ್ಷನ್ನು ಮದರ್‌ಬೋರ್ಡಿನ ಮೇಲೆ ಹಗುರಾಗಿ ಆಡಿಸತೊಡಗಿದಳು. ಶಿಕಾರಿಪುರದ ಮಾರುಕಟ್ಟೆ ರಸ್ತೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟವರಿಗೆ ಇದು ತಪ್ಪಿದ್ದಲ್ಲ. ಮೆಕ್ಕೆಜೋಳದ ಲಾರಿಗಳು ನಿಂತಷ್ಟು ದಿನವೂ ಹೊಟ್ಟು ಹಾರಿಬಂದು ಎರಡೂ ಕಂಪ್ಯೂಟರುಗಳ ಹೊಟ್ಟೆ ಸೇರುತ್ತದೆ. ಸೋಮವಾರ ಸೋಮವಾರ ಬಿಚ್ಚಿ ಒರೆಸಬೇಕು.

ಬೆಂಚಿನ ಮೇಲೆ ಉಡುತಡಿಯ ರಾಮಪ್ಪ ಕೂತಿದ್ದ. ಅಂಬ್ಲಿಗೊಳದ ಕಾಲುವೆ ನೀರು ತನ್ನ ಗದ್ದೆಗೆ ಬರುತ್ತಿಲ್ಲವೆಂಬ ಅರ್ಜಿ ಅವನದು.

"ಅಕ್ಕಾರೆ, ನನ್ನ ಅರ್ಜಿ ಇವತ್ತೇ ಆಗ್ತದೋ, ಇಲ್ಲ ಈ ಪೆಟ್ಟಿಗೆಗೆ ಜಳಕ ಮಾಡ್ಸೋದ್ರಲ್ಲೇ ಹೊತ್ತು ಮುಳುಗ್ತದೋ?"

"ಒಂದನೇದ್ರಲ್ಲಿ ಮಾಡಿಕೊಡ್ತೀನಿ ರಾಮಪ್ಪ. ಇದೊಂದು ಮುಗೀಲಿ."

ಎರಡನೇ ಮಷೀನಿನ ಬೋರ್ಡಿನ ನಡುವೆ ಕಂದು ಬಣ್ಣದ ಒಂದು ಸ್ಲಾಟು. ಅದರೊಳಗೆ ಒಂದು ಕಾರ್ಡು ಕೂತಿತ್ತು. ಕಂಪ್ಯೂಟರಿನಲ್ಲಿ ಆಟದ ಚಿತ್ರಗಳು ತಡೆಯಿಲ್ಲದೆ ಓಡಬೇಕೆಂದರೆ ಆ ಸ್ಲಾಟೂ ಬೇಕು, ಆ ಕಾರ್ಡೂ ಬೇಕು. ಎಂಟು ತಿಂಗಳಿಂದ ಅದು ಇಲ್ಲಿ ಕೂತು ಮದುವೆ ಕರೆಯೋಲೆ, ಪಹಣಿ ಅರ್ಜಿಗಳನ್ನು ತೋರಿಸುತ್ತಿತ್ತು. ರಾಜೇಶ್ವರಿಯ ಬ್ರಷ್ಷು ಅಲ್ಲಿಗೆ ಬಂದು ನಿಂತಿತು. ಈ ಬೋರ್ಡು ಅವಳದಲ್ಲ. ಸೊರಬದಲ್ಲಿರುವ ಅಕ್ಕನ ಮಗಳು ಶರಣ್ಯಳದು. ಅದು ರಾಜೇಶ್ವರಿಗೂ ಅಕ್ಕನಿಗೂ ಮಾತ್ರ ಗೊತ್ತು.

ಹೋದ ವರ್ಷ ಶರಣ್ಯ ಒಂಬತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಬಂದರೆ ನೀನು ಹೇಳಿದ ಕಂಪ್ಯೂಟರು ತರಿಸುತ್ತೇನೆ ಎಂದು ಅವಳ ಅಪ್ಪ ಪರಮಶಿವಪ್ಪ ಮಾತು ಕೊಟ್ಟಿದ್ದರು. ಗೊಬ್ಬರದ ಅಂಗಡಿಯ ವ್ಯಾಪಾರಸ್ಥರು, ಮಾತಿಗೆ ತಪ್ಪುವವರಲ್ಲ. ದುಡ್ಡು ಕೊಟ್ಟು ತರುವ ಕೆಲಸ ರಾಜೇಶ್ವರಿಗೆ ಒಪ್ಪಿಸಿದ್ದರು. ಹುಡುಗಿಗೆ ಬೇಕಿದ್ದದ್ದು ಕಾರು ಓಡಿಸುವ ಆಟ. ಗೆಳತಿಯ ಮನೆಯಲ್ಲಿ ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ಓದಿ, ಲೆಕ್ಕದ ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದು ಕಳಿಸಿದ್ದಳು. ಮೊದಲನೇ ಸಾಲೇ ಮದರ್‌ಬೋರ್ಡು. ಸ್ಲಾಟು ಇರಲೇಬೇಕು ಎಂದು ಬರೆದು, ಕೆಂಪು ಶಾಯಿಯಲ್ಲಿ ಎರಡು ಗೆರೆ. ಕೆಳಗೆ, 'ಚಿಕ್ಕಮ್ಮ, ಬೇರೆ ಯಾವುದು ತಪ್ಪಿದರೂ ಆಮೇಲೆ ಬದಲಾಯಿಸಬಹುದು, ಇದನ್ನು ಮಾತ್ರ ನೋಡಿ ತಗೋ.'

ರಾಜೇಶ್ವರಿ ನೋಡಿಯೇ ತಗೊಂಡಿದ್ದಳು. ಶಿವಮೊಗ್ಗದ ಅಂಗಡಿಯಲ್ಲಿ ಒಂದು ಗಂಟೆ ನಿಂತು, ಹಾಳೆ ಮುಂದಿಟ್ಟುಕೊಂಡು, ನಾಲ್ಕು ಬೋರ್ಡು ತೆಗೆಸಿ ಒಂದನ್ನು ಕಾರ್ಡಿನ ಸಮೇತ ಆರಿಸಿದ್ದು. ತನ್ನ ಅಂಗಡಿಗೂ ಒಂದು ಬೇಕಿತ್ತು. ಅದಕ್ಕೆ ಆ ಸ್ಲಾಟಿಲ್ಲದ, ಚಿತ್ರದ ಚಿಪ್ಪು ಬೋರ್ಡಿನಲ್ಲೇ ಇರುವ ಸಾದಾ ಬೋರ್ಡು ಸಾಕೆಂದಳು. ಎರಡೂ ಡಬ್ಬಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಅಂದು ಸಂಜೆ ಅಕ್ಕ ಫೋನು ಮಾಡಿದಳು.

"ರಾಜಿ, ಈ ವರ್ಷ ಎಸ್ಸೆಸ್ಸೆಲ್ಸಿ ಐತೆ. ಇವಳು ಅದರ ಮುಂದೆ ಕೂತ್ರೆ ಎದ್ದಾಳೇನು? ಆಟ ಆಡಕ್ಕಾಗದಂಥದ್ದು ಹಾಕ್ಸು."

"ಅವಳು ಬರೆದು ಕೊಟ್ಟಾಳಲ್ಲಕ್ಕ."

"ಬರೆದ್ರೆ? ಅವಳಿಗೇನು ತಿಳೀತದೆ. ನೀ ಹೇಳಿದ್ರೆ ನಂಬ್ತಾಳೆ. ನಿನ್ನ ಭಾವನ ಹತ್ರ ಬಾಯಿ ಬಿಡಬ್ಯಾಡ ಮತ್ತೆ."

ಹೀಗೆ ಡಬ್ಬಿಗಳು ಅದಲುಬದಲಾದವು. ಬೆಲೆಯ ವ್ಯತ್ಯಾಸದ ದುಡ್ಡನ್ನು ಅಕ್ಕನಿಗೆ ಮರುವಾರವೇ ಕೊಟ್ಟಿದ್ದಳು, ಅದರಲ್ಲಿ ಅವಳಿಗೆ ಏನೂ ಅಳುಕಿಲ್ಲ. ಅಳುಕು ಬೇರೆ ಕಡೆ ಇತ್ತು. ಆಯುಧಪೂಜೆಯ ದಿನ ಸೊರಬದಲ್ಲಿ ಕಂಪ್ಯೂಟರು ಜೋಡಿಸಿದಾಗ ಶರಣ್ಯ ಬೋರ್ಡಿನ ಮೇಲೆ ಬಗ್ಗಿ, "ಕಂದು ಸ್ಲಾಟು ಯಾವುದು ಚಿಕ್ಕಮ್ಮ?" ಎಂದು ಕೇಳಿದ್ದಳು.

"ಅದೆಲ್ಲ ಈಗ ಬೋರ್ಡಿನೊಳಗೇ ಬಂದುಬಿಟ್ಟಿದೆ. ಹೊಸ ಮಾದರಿ. ನೀನು ಓದಿದ್ದು ಹಳೇ ಪುಸ್ತಕ."

ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ನಾಲಿಗೆ ತಡವರಿಸುತ್ತಿತ್ತೋ ಏನೋ. "ಓ, ಹಾಗಾ" ಎಂದ ಹುಡುಗಿಯ ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ಎಲ್ಲ ಬಲ್ಲ ಚಿಕ್ಕಮ್ಮನಾಗಿ ಒಂದು ಕ್ಷಣ ರಾಜೇಶ್ವರಿಗೆ ಹೆಮ್ಮೆಯೇ ಆಗಿತ್ತು. ಈಗ ನೆನೆದರೆ ಆ ಹೆಮ್ಮೆಯೇ ಹೆಚ್ಚು ಚುಚ್ಚುತ್ತದೆ.

ನಿನ್ನೆ ಭಾನುವಾರ ಅವಳು ಸೊರಬಕ್ಕೆ ಹೋಗಿದ್ದಳು. ಫಲಿತಾಂಶ ಬಂದಿತ್ತು, ಶರಣ್ಯ ನೂರಕ್ಕೆ ಎಂಬತ್ತೊಂಬತ್ತು ತೆಗೆದಿದ್ದಳು. ಅಕ್ಕ ಹೋಳಿಗೆ ಬಡಿಸುತ್ತ ಕಿವಿಯ ಹತ್ತಿರ ಬಂದು, "ಎಲ್ಲ ನಿನ್ನ ಪುಣ್ಯ" ಎಂದು ನಕ್ಕಳು. ಕಂಪ್ಯೂಟರಿನ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿತ್ತು. ಅದರ ಮೇಲೆ ಪಾಲಿಟೆಕ್ನಿಕ್ಕಿನ ಅರ್ಜಿ. ರಾಜೇಶ್ವರಿ ಎತ್ತಿ ನೋಡಿದಳು. ಕಂಪ್ಯೂಟರ್ ಸೈನ್ಸ್ ಎಂದು ಬರೆದು ಹೊಡೆದುಹಾಕಿ ಕಮರ್ಷಿಯಲ್ ಪ್ರಾಕ್ಟೀಸ್ ಎಂದು ಬರೆದಿತ್ತು. ಲೆಕ್ಕಪತ್ರ, ಟೈಪಿಂಗಿನ ಕೋರ್ಸು ಅದು.

"ಇದೇನೇ?"

ಶರಣ್ಯ ಅಡುಗೆಮನೆಯ ಕಡೆ ನೋಡಿ ಬಾಗಿಲು ಮುಂದೆ ಮಾಡಿದಳು.

"ಅಪ್ಪಂಗೆ ಹೇಳ್ಬೇಡ ಚಿಕ್ಕಮ್ಮ. ಆ ಬೋರ್ಡು ನಾನೇ ಹಾಳು ಮಾಡಿದ್ದು."

"ಏನು ಹಾಳಾಗಿದೆ?"

"ಆಟ ಹಾಕಿದ್ರೆ ಕಾರು ಓಡೋದೇ ಇಲ್ಲ, ಕುಂಟ್ತದೆ. ಐದು ಸಲ ಅಳಿಸಿ ಮತ್ತೆ ಹಾಕಿದೆ. ಅವತ್ತು ಪೂಜೆ ದಿನ ಅಜ್ಜಿ ಹೇಳಿದ್ರು, ಡಬ್ಬಿಗೆ ವಿಭೂತಿ ಹಚ್ಚಿದ್ರೆ ಏನು ಬಂತು, ತಕ್ಕಡಿಗೆ ಹಚ್ಚೋವಾಗ ದಂಡಕ್ಕೇ ಹಚ್ಚಲ್ವ, ಒಳಗಿನ ಯಂತ್ರಕ್ಕೆ ಹಚ್ಚು ಅಂತ. ನೀವೆಲ್ಲ ಊಟಕ್ಕೆ ಹೋದಾಗ ಬೋರ್ಡಿಗೆ ವಿಭೂತಿ ಹಚ್ಚಿಬಿಟ್ಟೆ. ಹಸಿ ಇತ್ತು." ಅವಳು ಮೂರು ಬೆರಳು ತೋರಿಸಿದಳು. "ಆಮೇಲೆ ಹತ್ತಿ ತಗೊಂಡು ಎಷ್ಟು ಒರೆಸಿದ್ರೂ ಹೋಗ್ಲಿಲ್ಲ. ನನ್ನ ಕೈಗುಣ ಯಂತ್ರಕ್ಕೆ ಆಗಿಬರಲ್ಲ. ಅಲ್ಲಿಗೆ ಹೋಗಿ ಏನು ಮುಟ್ಲಿ, ಏನು ಕೆಡಿಸ್ಲಿ."

ಎಂಟು ತಿಂಗಳು ಈ ಹುಡುಗಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ರಾಜೇಶ್ವರಿ ಅರ್ಜಿಯನ್ನು ಕೆಳಗಿಟ್ಟಳು. "ವಿಭೂತಿಯಿಂದ ಏನೂ ಆಗಲ್ಲ ಮಗಾ" ಎಂದಳು.

"ಸಮಾಧಾನಕ್ಕೆ ಹೇಳ್ತಿ ನೀನು. ಮತ್ಯಾತಕ್ಕೆ ಕುಂಟ್ತದೆ, ಹೇಳು? ನೀನು ಸರಿಯಾದದ್ದೇ ತಂದಿದ್ದಿ."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಅಷ್ಟರಲ್ಲಿ ಅಕ್ಕ ಟೀ ತಂದಳು. ರಾಜೇಶ್ವರಿ ಲೋಟ ತಗೊಂಡಳು. ಸಕ್ಕರೆ ಸಾಕೇನೆ ಎಂದು ಅಕ್ಕ ಕೇಳಿದ್ದಕ್ಕೆ ಸಾಕು ಎಂದಳು. ಬಸ್ಸು ಹತ್ತುವವರೆಗೂ ಅವಳು ಆಡಿದ ಮಾತುಗಳೆಲ್ಲ ಅಂಥವೇ.

"ಅಕ್ಕಾರೆ, ಅದರಾಗೇನು ಬೇರು ಹುಡುಕ್ತಿದೀರಾ?" ರಾಮಪ್ಪ ಬೆಂಚಿನಿಂದಲೇ ಕತ್ತು ಚಾಚಿದ. ಬ್ರಷ್ಷು ಹಿಡಿದ ಕೈ ಎಷ್ಟು ಹೊತ್ತಿನಿಂದ ಹಾಗೇ ನಿಂತಿತ್ತೋ.

"ಬಂದೆ."

ಬೋರ್ಡಿಗೆ ಆರು ಸ್ಕ್ರೂ. ಬಿಚ್ಚುವುದು ಅವಳಿಗೆ ಬರುತ್ತದೆ. ಪಾಲಿಟೆಕ್ನಿಕ್ಕಿನ ಅರ್ಜಿ ಕೊಡಲು ಶುಕ್ರವಾರ ಕಡೆಯ ದಿನ. ಇದನ್ನು ಬಿಚ್ಚಿಕೊಂಡು ಬುಧವಾರ ಬೆಳಗಿನ ಬಸ್ಸಿಗೆ ಹೋದರೆ ಭಾವ ಅಂಗಡಿಗೆ ಹೋಗಿರುತ್ತಾರೆ, ಆದರೆ ಅಕ್ಕ ಮನೆಯಲ್ಲೇ ಇರುತ್ತಾಳೆ. ಇರಲಿ. ಅಕ್ಕನ ಕಣ್ಣೆದುರಿಗೇ ಆಗಬೇಕಾದ ಕೆಲಸ. ಸುಮ್ಮನೆ ಬೋರ್ಡು ಬದಲಾಯಿಸಿ, ಈಗ ಸರಿಹೋಯಿತು ನೋಡು ಎಂದರೆ, ಹುಡುಗಿ ಕೆಡಿಸಿದ್ದನ್ನು ಚಿಕ್ಕಮ್ಮ ರಿಪೇರಿ ಮಾಡಿದಳೆಂದೇ ಆಗುತ್ತದೆ. ಹಾಗಾಗಬಾರದು. ಹಳೆಯ ಬೋರ್ಡನ್ನು ಶರಣ್ಯಳ ಕೈಯಿಂದಲೇ ಬಿಚ್ಚಿಸಬೇಕು. ಪೇಪರು ಹಾಸಿ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ಅವಳ ನೋಟ್‌ಬುಕ್ಕಿನ ಆ ಹಾಳೆ ಇನ್ನೂ ಡ್ರಾಯರಿನಲ್ಲಿದೆ, ಅದನ್ನೂ ಇಡಬೇಕು. ಆಮೇಲೆ ಅವಳು ತಲೆ ಎತ್ತಿ ನೋಡುತ್ತಾಳೆ. ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಇನ್ನು ಮೇಲೆ ಅವಳು ಚಿಕ್ಕಮ್ಮ ಎಂದು ಬಾಯ್ತುಂಬ ಕರೆಯದಿದ್ದರೂ ಸರಿ. ಅಕ್ಕ ಮಾತು ಬಿಟ್ಟರೂ ಸರಿ.

ಅವಳು ಎರಡನೇ ಮಷೀನಿನ ಮುಚ್ಚಳ ಮುಚ್ಚಿದಳು. ಮುಚ್ಚಳದ ನಾಲ್ಕು ಸ್ಕ್ರೂ ಹಾಕಲಿಲ್ಲ. ನಾಲ್ಕನ್ನೂ ಚೀಟಿಯಲ್ಲಿ ಮಡಚಿ ತನ್ನ ಪರ್ಸಿಗೆ ಹಾಕಿಕೊಂಡು, ಒಂದನೇ ಮಷೀನಿನ ಮುಂದೆ ಬಂದು ಕೂತಳು.

"ಆ ಪೆಟ್ಟಿಗೆ ಕೆಟ್ಟದೇನ್ರೀ ಅಕ್ಕಾರೆ?"

"ಇಲ್ಲ ರಾಮಪ್ಪ. ಚೆನ್ನಾಗಿದೆ" ಎಂದಳು. "ಹೇಳು. ನಿನ್ನ ಗದ್ದೆ ಸರ್ವೆ ನಂಬರು ಎಷ್ಟು?"